ಕೈಯಾರೆ ಮಾಡಿದ ವಾದ್ಯಗಳೂ ನಮ್ಮ ಶಬ್ದಶಾಸ್ತ್ರವೂ

"ಕಂಪಿಸುವ ವಸ್ತುವಿನಿಂದ ಶಬ್ದವು ಉತ್ಪನ್ನವಾಗುತ್ತದೆ." ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಈ ವಾಕ್ಯವು ಸಿದ್ಧವಾಗಿ ಹೊರಬೀಳುತ್ತದೆ. ತಂತಿಯ ಕಂಪನಸಂಖ್ಯೆಗೆ ಸೂತ್ರವೇನೆಂದು ಕಾಲೇಜಿನ ವಿದ್ಯಾರ್ಥಿಯನ್ನು ಕೇಳಿದರೆ ಅದನ್ನೂ ಆತನು ತಪ್ಪಿಲ್ಲದೆ ಬರೆದು ತೋರಿಸುತ್ತಾನೆ. ಆದರೆ ಒಂದು ತಂತಿಯನ್ನು ಅವನ ಕೈಯಲ್ಲಿಟ್ಟು, "ಇದರ ಸ್ವರವನ್ನು ಒಂದು ಸ್ಥಾಯಿಯಷ್ಟು ಏರಿಸು ನೋಡೋಣ" ಎಂದರೆ, ಎಲ್ಲಿ ಬೆರಳಿಡಬೇಕು, ಎಷ್ಟು ಬಿಗಿಯಬೇಕು ಎಂಬುದು ತೋಚದೆ ನಿಲ್ಲುವವರೇ ಹೆಚ್ಚು. ಸೂತ್ರವು ಕಣ್ಣಿನ ದಾರಿಯಿಂದ ಬಂದು ಲೇಖನಿಯ ದಾರಿಯಿಂದ ಹೊರಟುಹೋಗಿದೆ. ಕಿವಿಯನ್ನಾಗಲಿ ಕೈಯನ್ನಾಗಲಿ ಅದು ಮುಟ್ಟಿಯೇ ಇಲ್ಲ.

ಈ ಕೊರತೆಗೆ ವಿದ್ಯಾರ್ಥಿಗಳನ್ನು ದೂರುವುದು ಸರಿಯಲ್ಲ. ಶಬ್ದಶಾಸ್ತ್ರವನ್ನು ನಿಶ್ಶಬ್ದವಾಗಿ ಕಲಿಸುವ ಪದ್ಧತಿ ನಮ್ಮದು. ಸೋನೋಮೀಟರು ಕಪಾಟಿನಲ್ಲಿರುತ್ತದೆ, ಕಪಾಟಿನ ಬೀಗದ ಕೈ ಬೇರೊಬ್ಬರಲ್ಲಿರುತ್ತದೆ. ವರ್ಷಕ್ಕೊಮ್ಮೆ ಅದು ಹೊರಬಂದಾಗಲೂ ವಿದ್ಯಾರ್ಥಿಯು ಪುಸ್ತಕದ ಉತ್ತರಕ್ಕೆ ಸಮೀಪವಾದ ಅಂಕಿಯನ್ನು ಬರೆದು ಮುಗಿಸುತ್ತಾನೆ. ಇದಕ್ಕೆ ಪರಿಹಾರವಾಗಿ ಒಂದು ಸಣ್ಣ ಸೂಚನೆಯನ್ನು ಈ ಲೇಖನದ ಮೂಲಕ ವಾಚಕರ ಮುಂದಿಡುತ್ತೇವೆ. ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ವರ್ಷದಲ್ಲಿ ಒಂದು ಮಧ್ಯಾಹ್ನವನ್ನು, ವಿದ್ಯಾರ್ಥಿಗಳು ತಮ್ಮ ಕೈಯಾರೆ ಮಾಡಿದ ವಾದ್ಯಗಳ ಮೇಳಕ್ಕಾಗಿ ಮೀಸಲಿಡಬೇಕು. ಇದು ಮನರಂಜನೆಯ ಕಾರ್ಯಕ್ರಮವಲ್ಲ, ಪಾಠದ ಒಂದು ಭಾಗವೆಂದೇ ನಮ್ಮ ಭಾವನೆ.

ಇಂಥ ಮೇಳಕ್ಕೆ ನಮ್ಮ ಬಳ್ಳಾರಿಯ ಸೀಮೆಯಷ್ಟು ತಕ್ಕ ನೆಲ ಬೇರೆಲ್ಲಿ ದೊರೆತೀತು? ನಗರದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲು ಎಂಬ ಊರುಗಳುಂಟು. ಅಲ್ಲಿಯ ಹಿರೇಗುಡ್ಡದಲ್ಲಿ ಸುಮಾರು ಮೂರು ನಾಲ್ಕು ಸಾವಿರ ವರ್ಷಗಳ ಹಿಂದೆ ನೂತನ ಶಿಲಾಯುಗದ ಜನರು ದನ ಸಾಕಿಕೊಂಡು, ಕಲ್ಲಿನ ಕೊಡಲಿಗಳನ್ನು ಮಾಡಿಕೊಂಡು ಬಾಳಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿಯೂ ಅದೇ ಯುಗದ ಜನರ ವಸತಿಗಳು 1963-64ರ ಉತ್ಖನನದಲ್ಲಿ ಬೆಳಕಿಗೆ ಬಂದುವು. ಕಪ್ಪಗಲ್ಲಿನ ಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಎದ್ದಿರುವ ಕರಿಯ ಡಾಲರೈಟ್ ಕಲ್ಲಿನ ಸಾಲೊಂದಿದೆ. ಆ ಬಂಡೆಗಳ ಮೇಲೆ ಉದ್ದ ಕೋಡಿನ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಇವು 1892ರಷ್ಟು ಹಿಂದೆಯೇ ವಿದ್ವಾಂಸರ ಗಮನಕ್ಕೆ ಬಂದಿದ್ದುವು. ಆದರೆ ಈ ಸ್ಥಳದ ಹೆಚ್ಚಿನ ವಿಶೇಷವು ಕಣ್ಣಿಗಲ್ಲ, ಕಿವಿಗೆ ಸಂಬಂಧಿಸಿದ್ದು. ಅಲ್ಲಿಯ ಕೆಲವು ಬಂಡೆಗಳನ್ನು ಗುಂಡುಕಲ್ಲಿನಿಂದ ಬಡಿದರೆ ಜಾಗಟೆಯಂತೆ ಗಣಗಣಿಸುತ್ತವೆ. ಪದೇ ಪದೇ ಬಡಿದುದರಿಂದ ಆದ ತಗ್ಗುಗಳೂ ಅವುಗಳ ಮೇಲೆ ಕಾಣುತ್ತವೆ. ಪುರಾತತ್ತ್ವಜ್ಞೆ ನಿಕೋಲ್ ಬೋಯ್ವಿನ್ ಅವರು 2004ರಲ್ಲಿ ಈ ನಾದಶಿಲೆಗಳನ್ನು ಕುರಿತು ಪ್ರಕಟಿಸಿದ ಲೇಖನದಿಂದ ಅವು ಲೋಕಪ್ರಸಿದ್ಧವಾದುವು.

ಎಲ್ಲ ಕಲ್ಲುಗಳೂ ಹೀಗೇಕೆ ನುಡಿಯುವುದಿಲ್ಲ? ನುಡಿಯಬೇಕಾದರೆ ಎರಡು ಅನುಕೂಲಗಳು ಕೂಡಿಬರಬೇಕು. ಮೊದಲನೆಯದು ಕಲ್ಲಿನ ಒಳಗಿನ ಕಟ್ಟು. ಡಾಲರೈಟಿನ ಹರಳುಗಳು ಸಣ್ಣವು. ಒಂದರೊಳಗೊಂದು ಹೆಣೆದುಕೊಂಡು ಬಿಗಿಯಾಗಿರುತ್ತವೆ. ಆದುದರಿಂದ ಒಂದು ಕಡೆ ಕೊಟ್ಟ ಪೆಟ್ಟು, ಗಾಳಿಯಲ್ಲಿ ಶಬ್ದಕ್ಕಿರುವ ವೇಗದ ಹದಿನೈದು ಪಟ್ಟಿಗೂ ಮಿಕ್ಕ ವೇಗದಿಂದ ಕಲ್ಲಿನ ಉದ್ದಕ್ಕೂ ಓಡಿ, ಅಂಚಿಗೆ ಬಡಿದು ಹಿಂದಿರುಗುತ್ತದೆ. ನಡುವೆ ಸೂಕ್ಷ್ಮವಾದ ಬಿರುಕುಗಳು ತುಂಬಿದ್ದರೆ ಕಂಪನದ ಶಕ್ತಿಯು ಅಲ್ಲಲ್ಲಿಯೇ ಉಜ್ಜಿ ಶಾಖವಾಗಿ ಕರಗಿಹೋಗುತ್ತದೆ. ಆಗ ನಮಗೆ ಕೇಳುವುದು "ದಬ್" ಎಂಬ ಸದ್ದು ಮಾತ್ರ. ಎರಡನೆಯದು ಕಲ್ಲು ಕುಳಿತಿರುವ ರೀತಿ. ಮಣ್ಣಿನಲ್ಲಿ ಹೂತ ಬಂಡೆಯು ತನ್ನ ಕಂಪನವನ್ನೆಲ್ಲ ನೆಲಕ್ಕೆ ಒಪ್ಪಿಸಿಬಿಡುತ್ತದೆ. ಎರಡು ಮೂರು ಬಿಂದುಗಳ ಮೇಲೆ ಮಾತ್ರ ಆತು ನಿಂತ ಬಂಡೆಯು ಸ್ವತಂತ್ರವಾಗಿ ಅಲುಗಬಲ್ಲದು.

ಇದೇ ಕರಿಕಲ್ಲಿನಿಂದಲೇ ಆ ಜನರು ಕೊಡಲಿಗಳನ್ನು ಮಾಡುತ್ತಿದ್ದರು ಎಂಬುದನ್ನು ಗಮನಿಸಬೇಕು. ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ ನೋಡುವಂತೆ, ಕೊಡಲಿಗೆ ಕಲ್ಲನ್ನು ಆರಿಸುವವನೂ ತಟ್ಟಿ ನೋಡಿಯೇ ಆರಿಸಿರಬೇಕೆಂದು ನಮ್ಮ ಊಹೆ. ಬಿರುಕಿಲ್ಲದ ಕಲ್ಲು ನುಡಿಯುತ್ತದೆ; ನುಡಿಯುವ ಕಲ್ಲು ಒಳ್ಳೆಯ ಕೊಡಲಿಯಾಗುತ್ತದೆ. ಕೆಲಸದ ಪರೀಕ್ಷೆಯೂ ನಾದದ ಸಂತೋಷವೂ ಒಂದೇ ಪೆಟ್ಟಿನಲ್ಲಿ ಹುಟ್ಟಿರುವುದು ಅಸಂಭವವೇನಲ್ಲ.

ಈ ವಿಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ದಸರೆಯ ರಜೆಗೆ ಮುಂಚಿನ ಒಂದು ಮಧ್ಯಾಹ್ನ, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ನಾವು ಅಂಥ ಒಂದು ಮೇಳವನ್ನು ನಡೆಸಿ ನೋಡಿದೆವು. ನಿಯಮಗಳು ಮೂರೇ ಇದ್ದುವು. ಕೊಂಡು ತಂದ ವಾದ್ಯವು ಕೂಡದು. ಸಾಮಗ್ರಿಯ ವೆಚ್ಚವು ನೂರು ರೂಪಾಯಿಗಳನ್ನು ಮೀರಕೂಡದು. ಪ್ರತಿಯೊಬ್ಬರೂ ತಮ್ಮ ವಾದ್ಯದ ಒಂದು ಅಳತೆಯನ್ನಾದರೂ ಕಾಗದದ ಮೇಲೆ ಬರೆದು ಪಕ್ಕದಲ್ಲಿಡಬೇಕು. ಕಂಪನಗಳನ್ನು ಎಣಿಸುವ ಕೆಲಸಕ್ಕೆ ಇಂದು ಬೆಲೆಬಾಳುವ ಉಪಕರಣವು ಬೇಕಿಲ್ಲ. ಸೆಕೆಂಡಿಗೆ ಎಷ್ಟು ಕಂಪನಗಳೆಂಬುದನ್ನು ತೋರಿಸಬಲ್ಲ ಮೊಬೈಲು ಎಲ್ಲರ ಜೇಬಿನಲ್ಲಿಯೂ ಇದೆ.

ಕುರುಗೋಡೆಂದರೆ ದೊಡ್ಡಬಸವೇಶ್ವರ ದೇವಾಲಯದ ಭಾರಿ ಏಕಶಿಲಾ ನಂದಿಯೇ ಮೊದಲು ನೆನಪಾಗುತ್ತದೆ. ಅಲ್ಲಿಂದ ಬಂದ ವಿದ್ಯಾರ್ಥಿನಿಯೊಬ್ಬಳು ತಂದದ್ದೂ ಕಲ್ಲೇ. ಮನೆ ಕಟ್ಟುವಾಗ ಉಳಿದ ಕಡಪ ಕಲ್ಲಿನ ಪಟ್ಟಿಗಳನ್ನು ಬಟ್ಟೆಯ ಸುರುಳಿಗಳ ಮೇಲೆ ಸಾಲಾಗಿ ಮಲಗಿಸಿ, ಮರದ ಸುತ್ತಿಗೆಯಿಂದ ಬಾರಿಸುವಂತೆ ಮಾಡಿದ್ದಳು. ಸುರುಳಿಗಳನ್ನು ಎಲ್ಲಿಟ್ಟರೂ ಪಟ್ಟಿಯು ನುಡಿಯುವುದಿಲ್ಲವೆಂಬುದನ್ನು ಆಕೆಯೇ ಕಂಡುಕೊಂಡಳು. ಎರಡು ತುದಿಗಳಿಂದಲೂ ಉದ್ದದ ಸುಮಾರು 22 ಶತಾಂಶದಷ್ಟು ಒಳಗೆ, ಎಂದರೆ 40 ಸೆಂಟಿಮೀಟರಿನ ಪಟ್ಟಿಗೆ 9 ಸೆಂಟಿಮೀಟರು ಒಳಗೆ ಆಧಾರವನ್ನಿಟ್ಟರೆ ನಾದವು ಬಹುಕಾಲ ನಿಲ್ಲುತ್ತದೆ. ಪಟ್ಟಿಯು ಬಾಗಿ ಬಾಗಿ ಕಂಪಿಸುವಾಗ ಆ ಎರಡು ಸ್ಥಳಗಳು ಮಾತ್ರ ಅಲುಗುವುದಿಲ್ಲ. ಇವುಗಳಿಗೆ ನಿಸ್ಪಂದ ಬಿಂದುಗಳೆಂದು ಹೆಸರು. ಅಷ್ಟೇ ದಪ್ಪದ ಪಟ್ಟಿಯನ್ನು ಅರ್ಧಕ್ಕೆ, ಎಂದರೆ 20 ಸೆಂಟಿಮೀಟರಿಗೆ ಕತ್ತರಿಸಿದಾಗ ಸ್ವರವು ಒಂದು ಸ್ಥಾಯಿಯಲ್ಲ, ಎರಡು ಸ್ಥಾಯಿಗಳಷ್ಟು ಮೇಲೇರಿತು. ತಂತಿಯ ಕಂಪನಸಂಖ್ಯೆಯು ಉದ್ದದೊಡನೆ ವಿಲೋಮವಾಗಿ ಬದಲಾಗುತ್ತದೆ. ಪಟ್ಟಿಯದು ಉದ್ದದ ವರ್ಗದೊಡನೆ ವಿಲೋಮವಾಗಿ ಬದಲಾಗುತ್ತದೆ. ಈ ಭೇದವನ್ನು ಆ ತರಗತಿಯು ಇನ್ನು ಮರೆಯಲಾರದು. ಸಾಲಿನಲ್ಲಿ ಒಂದು ಪಟ್ಟಿಯು ಮಾತ್ರ ಮೊಂಡಾಗಿ ಸದ್ದು ಮಾಡುತ್ತಿತ್ತು. ನೀರು ಸವರಿ ನೋಡಿದಾಗ ಕೂದಲೆಳೆಯಂಥ ಬಿರುಕು ಕಾಣಿಸಿತು. ಕಪ್ಪಗಲ್ಲಿನ ಗುಡ್ಡದ ರಹಸ್ಯವು ಮೇಜಿನ ಮೇಲೆಯೇ ಬಿಡಿಸಿಟ್ಟಂತಾಯಿತು.

ಇನ್ನೊಬ್ಬಳು ಎಣ್ಣೆಯ ಡಬ್ಬಿಗೆ ಬಿದಿರಿನ ದಂಡವನ್ನು ಸೇರಿಸಿ ಏಕತಾರಿಯನ್ನು ಮಾಡಿದ್ದಳು. ತಂತಿಯ ತುದಿಯನ್ನು ಬಿರಡೆಗೆ ಸುತ್ತದೆ ಒಂದು ಚೀಲಕ್ಕೆ ಕಟ್ಟಿ, ಚೀಲದಲ್ಲಿ ತೂಕದ ಬಟ್ಟುಗಳನ್ನು ಹಾಕುವಂತೆ ಏರ್ಪಡಿಸಿದ್ದಳು. 1 ಕಿಲೋಗ್ರಾಮಿನ ತೂಕಕ್ಕೆ ಬಂದ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡೆವು. 2 ಕಿಲೋಗ್ರಾಮು ಹಾಕಿದರೆ ಮೇಲಿನ ಷಡ್ಜವು ಬರುತ್ತದೆಂದು ಸುತ್ತ ನಿಂತವರಲ್ಲಿ ಹೆಚ್ಚಿನವರು ಹೇಳಿದರು. ಬಂದದ್ದು ಪ್ರತಿಮಧ್ಯಮದ ಸಮೀಪದ ಸ್ವರ. ಮೇಲಿನ ಷಡ್ಜಕ್ಕೆ 4 ಕಿಲೋಗ್ರಾಮು ಬೇಕಾಯಿತು. ಕಂಪನಸಂಖ್ಯೆಯು ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬ, ಮರ್ಸೆನ್ ಎಂಬಾತನು 1636ರಲ್ಲಿ ಪ್ರಕಟಿಸಿದ ನಿಯಮವನ್ನು ಅವರೆಲ್ಲರೂ ಓದಿದ್ದರು, ಅಂದು ಕೇಳಿದರು. ಎಲ್ಲಮ್ಮನ ಪದಗಳನ್ನು ಹಾಡುವವರು ಚೌಡಿಕೆಯ ತಂತಿಯನ್ನು ಮೀಟುತ್ತ, ಕೈಯ ಒತ್ತಡದಿಂದಲೇ ಅದನ್ನು ಬಿಗಿದು ಸಡಿಲಿಸುತ್ತ ಸ್ವರವನ್ನು ಏರಿಳಿಸುವುದನ್ನು ಈ ಸೀಮೆಯಲ್ಲಿ ಯಾರು ನೋಡಿಲ್ಲ? ಆ ಕೈಗೆ ವರ್ಗಮೂಲದ ಹೆಸರು ತಿಳಿಯದಿದ್ದರೂ ಅದರ ಬಳಕೆಯು ತಿಳಿದಿದೆ.

ಸಿರುಗುಪ್ಪದ ಕಡೆಯ ಹುಡುಗರು ಹಸಿ ಭತ್ತದ ದಂಟಿನ ಪೀಪಿಗಳನ್ನೂ ಬಿದಿರಿನ ಕೊಳವೆಗಳನ್ನೂ ತಂದಿದ್ದರು. ಇವರಲ್ಲೊಬ್ಬನ ಕೊಳವೆಯು ಆ ಮಧ್ಯಾಹ್ನದ ಅತ್ಯುತ್ತಮ ಪಾಠವನ್ನು ಕಲಿಸಿತು. ಅದರ ಉದ್ದ 34 ಸೆಂಟಿಮೀಟರು, ಒಳಗಿನ ಅಗಲ 2 ಸೆಂಟಿಮೀಟರು. ಎರಡು ಬಾಯಿಗಳೂ ತೆರೆದವು. ಶಬ್ದದ ವೇಗ ಸೆಕೆಂಡಿಗೆ 340 ಮೀಟರು ಎಂದು ಹಿಡಿದು, ಅದನ್ನು ಕೊಳವೆಯ ಉದ್ದದ ಎರಡರಷ್ಟರಿಂದ ಭಾಗಿಸಿ, 500 ಕಂಪನಗಳೆಂದು ಆತನು ಬರೆದಿಟ್ಟಿದ್ದನು. ಮೊಬೈಲಿನಿಂದ ಬೇರೆ ಬೇರೆ ಸ್ವರಗಳನ್ನು ಕೊಳವೆಯ ಬಾಯಿಯ ಬಳಿ ನುಡಿಸುತ್ತ ಹೋದಾಗ, 500ರ ಹತ್ತಿರವೇ ಅನುನಾದವು ಜೋರಾಗಿ ಕೇಳಿಸಿತು. ಹುಡುಗನು ಹಿಗ್ಗಿದನು. ಆದರೆ ಅಂದು ನೆರಳಿನಲ್ಲಿಯೇ ಉಷ್ಣತೆಯು 35 ಡಿಗ್ರಿ ಇತ್ತು. ಆ ಉಷ್ಣತೆಯಲ್ಲಿ ಶಬ್ದದ ವೇಗವು 340 ಅಲ್ಲ, ಸುಮಾರು 352 ಮೀಟರು. ಹಾಗಾದರೆ ಉತ್ತರವು 518 ಆಗಬೇಡವೆ? ಆಗಲಿಲ್ಲ, ಏಕೆಂದರೆ ಕೊಳವೆಯೊಳಗಿನ ಗಾಳಿಯ ಕಂಪನವು ಬಾಯಿಯ ಅಂಚಿನಲ್ಲಿಯೇ ನಿಲ್ಲದೆ, ಪ್ರತಿ ಬಾಯಿಯಲ್ಲಿಯೂ ತ್ರಿಜ್ಯದ ಸುಮಾರು 0.6ರಷ್ಟು ಹೊರಕ್ಕೆ ಚಾಚಿಕೊಂಡಿರುತ್ತದೆ. ಎರಡೂ ಬಾಯಿಗಳು ಸೇರಿ 1.2 ಸೆಂಟಿಮೀಟರು ಹೆಚ್ಚಿ, ಕೊಳವೆಯು 35.2 ಸೆಂಟಿಮೀಟರು ಉದ್ದವಿರುವಂತೆ ವರ್ತಿಸುತ್ತದೆ. 352ನ್ನು 0.704ರಿಂದ ಭಾಗಿಸಿದರೆ ಮತ್ತೆ 500! ಒಂದು ಲೋಪವು ಇನ್ನೊಂದು ಲೋಪವನ್ನು ಮುಚ್ಚಿಹಾಕಿ ಸರಿಯುತ್ತರವನ್ನು ಕೊಟ್ಟಿತ್ತು. ಉತ್ತರಪತ್ರಿಕೆಯಲ್ಲಿ ಇದಕ್ಕೆ ಪೂರ್ಣ ಅಂಕಗಳು ದೊರೆಯುತ್ತಿದ್ದುವು. ಅಂಕಿ ಸರಿಬಂದ ಮಾತ್ರಕ್ಕೆ ತಿಳಿವಳಿಕೆಯೂ ಸರಿಯೆಂದು ಹೇಳಲಾಗದು ಎಂಬುದನ್ನು ನೂರು ಉಪನ್ಯಾಸಗಳಿಗಿಂತ ಆ ಬಿದಿರು ಚೆನ್ನಾಗಿ ತಿಳಿಸಿತು.

ಬಳ್ಳಾರಿಯ ಬಿಸಿಲೂ ಇಲ್ಲಿ ಒಬ್ಬ ಉಪಾಧ್ಯಾಯನೇ. 20 ಡಿಗ್ರಿಯ ಬೆಳಗಿನಲ್ಲಿ ಹೊಂದಿಸಿದ ಕೊಳಲು 40 ಡಿಗ್ರಿಯ ಮಧ್ಯಾಹ್ನದಲ್ಲಿ ಶೇಕಡಾ ಮೂರೂವರೆಯಷ್ಟು ಏರಿರುತ್ತದೆ. ಎಂದರೆ ಷಡ್ಜದಿಂದ ಶುದ್ಧ ಋಷಭಕ್ಕಿರುವ ಅಂತರದ ಅರ್ಧಕ್ಕಿಂತ ಹೆಚ್ಚು. ಅದೇ ಬಿಸಿಲಿನಲ್ಲಿ ತಂತಿಯು ಹಿಗ್ಗಿ ಸಡಿಲವಾಗಿ ಸ್ವರವನ್ನು ಇಳಿಸುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಶ್ರುತಿ ಕೂಡುವುದೆಂತು? ವಾದಕರು ನಡುನಡುವೆ ನಿಲ್ಲಿಸಿ ಶ್ರುತಿ ಮಾಡಿಕೊಳ್ಳುವುದನ್ನು ಕಂಡು ಬೇಸರಪಡುವ ಕೇಳುಗರು ಇದನ್ನು ಸ್ವಲ್ಪ ಯೋಚಿಸಬೇಕು.

ಇಷ್ಟರವರೆಗೆ ಹೇಳಿದ್ದನ್ನು ಯಾರೂ ಆಕ್ಷೇಪಿಸಲಾರರು. ಇನ್ನು ಹೇಳಬೇಕಾದುದು ಚರ್ಮವಾದ್ಯಗಳ ವಿಷಯ. ಮೇಳಕ್ಕೆ ಹಲಗೆಯನ್ನು ಮಾಡಬಲ್ಲ, ಬಾರಿಸಬಲ್ಲ ಹಿರಿಯರೊಬ್ಬರನ್ನು ಕರೆಸಿದ್ದೆವು. ಹಿಂದಿನ ರಾತ್ರಿ ಮಳೆ ಬಂದಿತ್ತು, ಹಲಗೆಯು ಮಂಕಾಗಿತ್ತು. ಹುಡುಗನೊಬ್ಬನು, "ಯಾಕ ತಾತ, ಇದು ಸರಿಯಾಗಿ ನುಡಿಯವಲ್ದು?" ಎಂದು ಕೇಳಿದನು. "ತೊಗಲು ನೀರು ಕುಡದೈತಪ್ಪ, ಕಾಸಿದ್ರ ಮಾತಾಡತೈತಿ" ಎಂದು ಅವರು ಹೇಳಿ, ಒಣಹುಲ್ಲಿಗೆ ಬೆಂಕಿಯಿಟ್ಟು ಹಲಗೆಯನ್ನು ಅದರ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸಿದರು. ಮೊದಲು ತೂಗಿ, ಕಾಯಿಸಿದ ಮೇಲೆ ಮತ್ತೆ ತೂಗಿದ ವಿದ್ಯಾರ್ಥಿಗಳಿಗೆ ತೂಕವು ಕಡಮೆಯಾದುದು ಕಂಡಿತು. ತೇವವು ಹೋದುದರಿಂದ ತೊಗಲು ಹಗುರಾಯಿತು, ಕುಗ್ಗಿದುದರಿಂದ ಬಿಗಿಯಾಯಿತು. ಎರಡೂ ಸ್ವರವನ್ನು ಏರಿಸತಕ್ಕ ಕಾರಣಗಳೇ. ಆ ಹಿರಿಯರ ಒಂದು ಮಾತಿನಲ್ಲಿ ನಮ್ಮ ಪಾಠದ ಅರ್ಧ ಪುಟವು ಅಡಗಿತ್ತು.

ಆದರೆ ಆ ಹಲಗೆಯನ್ನು ಮುಟ್ಟುವುದಕ್ಕೆ ಕೆಲವು ವಿದ್ಯಾರ್ಥಿಗಳ ಕೈಗಳು ಹಿಂಜರಿದುದನ್ನೂ ನಾವು ಕಂಡೆವು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ತೊಗಲನ್ನು ಹದಮಾಡುವವರನ್ನು ಊರ ಹೊರಗಿಟ್ಟ ಸಮಾಜವು ಅವರೊಡನೆ ಅವರ ಜ್ಞಾನವನ್ನೂ ಹೊರಗಿಟ್ಟಿತು. ಯಾವ ತೊಗಲು ಎಷ್ಟು ಹಿಗ್ಗುತ್ತದೆ, ಎಷ್ಟು ದಪ್ಪಕ್ಕೆ ಎಂಥ ನಾದ, ಚೌಕಟ್ಟಿಗೆ ಯಾವ ಮರ ಎಂಬ ತಿಳಿವಳಿಕೆಯೆಲ್ಲ ತಲೆಮಾರುಗಳ ಪ್ರಯೋಗದಿಂದ ಬಂದುದು. ಅದಕ್ಕೆ ವಿಜ್ಞಾನವೆಂದು ಹೆಸರು ಕೊಡಲು ನಮ್ಮ ಶಾಲೆಗಳು ಇನ್ನೂ ಸಿದ್ಧವಾಗಿಲ್ಲ.

ಸಿ. ವಿ. ರಾಮನ್ ಅವರು ಸಿದ್ಧರಾಗಿದ್ದರು. ಬೆಳಕಿನ ಚದರಿಕೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಅವರು, ಅದಕ್ಕೆ ಹತ್ತು ವರ್ಷಗಳ ಮುಂಚೆ, 1920ರಲ್ಲಿ, ಸಹಾಯಕರೊಬ್ಬರೊಡನೆ "ನೇಚರ್" ಪತ್ರಿಕೆಯಲ್ಲಿ ಮೃದಂಗದ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ವಿಸ್ತರಿಸಿ ಬರೆದರು. ಅವರನ್ನು ಆಕರ್ಷಿಸಿದ ಸಂಗತಿ ಇದು: ಒಂದೇ ದಪ್ಪದ ತೊಗಲನ್ನು ದುಂಡಾದ ಬಾಯಿಗೆ ಬಿಗಿದು ಬಡಿದರೆ ಹುಟ್ಟುವ ಉಪಸ್ವರಗಳು 1, 1.59, 2.14, 2.30 ಎಂಬಂಥ ಒರಟು ಪ್ರಮಾಣಗಳಲ್ಲಿರುತ್ತವೆ. ಅವು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತದೆ. ಮೃದಂಗದ ನಡುವೆ ಕರಿಯ ಕರಣೆಯನ್ನು ಪದರ ಪದರವಾಗಿ ಹಚ್ಚಿ ಅಲ್ಲಿಯ ತೂಕವನ್ನು ಹೆಚ್ಚಿಸಿದಾಗ ಅದೇ ಉಪಸ್ವರಗಳು 1, 2, 3, 4, 5 ಎಂಬ ಪೂರ್ಣಾಂಕಗಳ ಸಮೀಪಕ್ಕೆ ಬಂದು ನಿಲ್ಲುತ್ತವೆ. ಆದುದರಿಂದ ತಂತಿಯಂತೆ ಚರ್ಮವೂ ಶ್ರುತಿಗೂಡಿ ನುಡಿಯುತ್ತದೆ. ಎಲ್ಲಿ, ಎಷ್ಟು ಹಚ್ಚಬೇಕೆಂಬುದನ್ನು ವಾದ್ಯ ಮಾಡುವವನು ಸಮೀಕರಣವಿಲ್ಲದೆ, ಹಚ್ಚುತ್ತ, ಉಜ್ಜುತ್ತ, ತಟ್ಟುತ್ತ ಕಂಡುಕೊಂಡಿದ್ದನು. ಭೌತವಿಜ್ಞಾನಿಯು ಆತನ ಕೆಲಸದಿಂದ ಕಲಿತು, ಅದರ ಕಾರಣವನ್ನು ಜಗತ್ತಿಗೆ ತಿಳಿಸಿದನು. ರಾಮನ್ನರಿಗೆ ಕುಂದೆನಿಸದ ಈ ಕಲಿಕೆಯು ನಮಗೇಕೆ ಕುಂದೆನಿಸಬೇಕು?

ಆದುದರಿಂದ ಮೇಳಕ್ಕೆ ವಾದ್ಯ ಮಾಡುವವರನ್ನು ಕರೆಯುವಾಗ ಅವರನ್ನು ಪ್ರದರ್ಶನದ ವಸ್ತುವಿನಂತೆ ಮೂಲೆಯಲ್ಲಿ ನಿಲ್ಲಿಸಬಾರದು. ಉಪನ್ಯಾಸಕ್ಕೆ ಬಂದ ವಿದ್ವಾಂಸರಿಗೆ ಹೇಗೋ ಹಾಗೆಯೇ ಅವರಿಗೂ ಕುರ್ಚಿ ಮತ್ತು ಸಂಭಾವನೆ ಸಲ್ಲಬೇಕು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು 2014ರಲ್ಲಿ ತೀರಿಕೊಂಡರು. ಬುರ್ರಕಥೆಯನ್ನು ಹಾಡುತ್ತ ದೀರ್ಘವಾದ ಕಥನಗಳನ್ನು ನೆನಪಿನಿಂದಲೇ ನಿರೂಪಿಸಬಲ್ಲವರಾಗಿದ್ದ ಅವರಿಗೆ ನಾಡು ಗೌರವ ಸಲ್ಲಿಸಿತು, ಅದು ಸರಿಯೇ. ಆದರೆ ಆ ಕಲೆಗೆ ತಂಬೂರಿಯೂ ಚರ್ಮವಾದ್ಯವೂ ಬೇಕಷ್ಟೆ? ಅವುಗಳನ್ನು ಮಾಡುವ ಕೈಗಳನ್ನು ಯಾರು ಗುರುತಿಸಿದರು? ಹಾಡು ಉಳಿಯಬೇಕಾದರೆ ವಾದ್ಯವು ಉಳಿಯಬೇಕು. ವಾದ್ಯವು ಉಳಿಯಬೇಕಾದರೆ ಅದನ್ನು ಮಾಡುವ ವಿದ್ಯೆಯು ಯಾರಿಗಾದರೂ ಮುಂದುವರಿಯಬೇಕು.

ನಮ್ಮ ಸೂಚನೆಗೆ ಬರಬಹುದಾದ ಆಕ್ಷೇಪಣೆಗಳನ್ನು ಈಗ ವಿಚಾರಿಸೋಣ. ಪಾಠಕ್ರಮವನ್ನು ಮುಗಿಸಲು ವೇಳೆ ಸಾಲದೆಂಬುದು ಮೊದಲನೆಯದು. ಇದು ಹುರುಳಿಲ್ಲದ ಮಾತಲ್ಲ. ಆದರೆ ತಂತಿ, ಗಾಳಿಯ ಕಂಬ, ಅನುನಾದ, ವರ್ಗಮೂಲದ ನಿಯಮ, ಉಷ್ಣತೆಯ ಪರಿಣಾಮ, ಇವೆಲ್ಲ ಪಾಠಕ್ರಮದಲ್ಲಿಯೇ ಇವೆ. ಅವುಗಳಿಗೆ ತಗಲುವ ಹಲವು ಗಂಟೆಗಳಲ್ಲಿ ಮೂರನ್ನು ಇದಕ್ಕೆ ಕೊಟ್ಟರೆ ನಷ್ಟವೇನು? ಹೀಗೆ ಮಾಡಿದ ವಾದ್ಯಗಳು ಒರಟಾಗಿರುತ್ತವೆ, ಅವುಗಳಿಂದ ನಿಖರವಾದ ಪ್ರಯೋಗವು ಸಾಧ್ಯವಿಲ್ಲವೆಂಬುದು ಎರಡನೆಯದು. ನಿಖರವಾದ ಉಪಕರಣವು ಉತ್ತರವನ್ನು ಕೊಡುತ್ತದೆ, ನಿಜ. ಒರಟಾದ ಉಪಕರಣವು "ಏಕೆ ಹೀಗಾಯಿತು?" ಎಂಬ ಪ್ರಶ್ನೆಯನ್ನು ಎಬ್ಬಿಸುತ್ತದೆ, ಕಲಿಯುವವನಿಗೆ ಮೊದಲು ಬೇಕಾದುದು ಅದೇ. ಗದ್ದಲವಾಗುತ್ತದೆಂಬುದು ಮೂರನೆಯದು. ಆಗುತ್ತದೆ. ಶಬ್ದಶಾಸ್ತ್ರದ ತರಗತಿಯಲ್ಲಿ ವರ್ಷಕ್ಕೊಮ್ಮೆ ಶಬ್ದವಾದರೆ ಸಹಿಸಿಕೊಳ್ಳಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಕಪ್ಪಗಲ್ಲಿನ ಬಂಡೆಗಳ ವಿಷಯವನ್ನು ಓದಿದ ಕೂಡಲೆ ಸುತ್ತಿಗೆ ಹಿಡಿದು ಹೊರಡುವ ಉತ್ಸಾಹವು ಕೆಲವರಿಗೆ ಬರಬಹುದು. ದಯವಿಟ್ಟು ಹಾಗೆ ಮಾಡಬಾರದು. ಹಂಪೆಯ ವಿಠ್ಠಲ ದೇವಾಲಯದ ಸ್ವರಸ್ತಂಭಗಳನ್ನು ಬಂದವರೆಲ್ಲ ತಟ್ಟಿ ತಟ್ಟಿ, ಕೊನೆಗೆ ಅವುಗಳನ್ನು ತಟ್ಟಕೂಡದೆಂದು ನಿಷೇಧಿಸಬೇಕಾಯಿತು. ಕಪ್ಪಗಲ್ಲಿಗಾದರೋ ಸುತ್ತಿಗೆಗಿಂತ ದೊಡ್ಡ ಅಪಾಯವಿತ್ತು. ಜಲ್ಲಿಗಾಗಿ ಗುಡ್ಡವನ್ನು ಒಡೆಯುವ ಕೆಲಸದಿಂದ ಚಿತ್ರಶಿಲೆಗಳಿಗೆ ಆಗುತ್ತಿದ್ದ ಹಾನಿಯನ್ನು ಕುರಿತು ಬೋಯ್ವಿನ್ ಅವರು 2004ರಲ್ಲಿಯೇ ಎಚ್ಚರಿಸಿದ್ದರು. ಚೂರಾದ ಕಲ್ಲಿಗೆ ನಾದವಿಲ್ಲ. ಅದನ್ನು ಕೂಡಿಸಿ ಮತ್ತೆ ನುಡಿಸುವ ಉಪಾಯವು ಯಾವ ವಿಜ್ಞಾನದಲ್ಲಿಯೂ ಇಲ್ಲ. ಬಳ್ಳಾರಿ ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟರ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಆ ಕಾಲದ ಜನರ ಕೈಗೆಲಸವನ್ನು ಅಲ್ಲಿ ನಿಧಾನವಾಗಿ ನೋಡಬಹುದು. ನುಡಿಯುವ ಕಲ್ಲನ್ನು ಕೇಳಬೇಕೆಂಬ ಆಸೆಯುಳ್ಳವರು ಕಡಪ ಕಲ್ಲಿನ ಪಟ್ಟಿಯೊಂದನ್ನು ಬಟ್ಟೆಯ ಸುರುಳಿಗಳ ಮೇಲಿಟ್ಟು ನುಡಿಸಬಹುದು. ಒಂದು ಪಟ್ಟಿಯನ್ನು ತಾನೇ ನುಡಿಸಿದ ವಿದ್ಯಾರ್ಥಿಗೆ ಗುಡ್ಡದ ಬೆಲೆಯನ್ನು ಬೇರೆಯವರು ಹೇಳಬೇಕಾಗುವುದಿಲ್ಲ. ಇಂಥ ವಿದ್ಯಾರ್ಥಿಗಳು ಹೆಚ್ಚಿದಷ್ಟೂ ಗುಡ್ಡಕ್ಕೆ ಕಾವಲುಗಾರರು ಹೆಚ್ಚುತ್ತಾರೆಂಬುದು ನಮ್ಮ ನಂಬಿಕೆ.

ನಮ್ಮ ತರುಣ ವಾಚಕರು ಮುಖ್ಯೋಪಾಧ್ಯಾಯರ ಅಪ್ಪಣೆಗಾಗಿ ಕಾಯಬೇಕಾದುದಿಲ್ಲ. ಒಂದು ಡಬ್ಬಿ, ಒಂದು ತಂತಿ, ಬಿದಿರಿನ ಒಂದು ತುಂಡು ಯಾವ ಮನೆಯಲ್ಲಿಯಾದರೂ ದೊರೆಯುತ್ತವೆ. ಈ ವಾರ ಒಂದು ವಾದ್ಯವನ್ನು ಮಾಡಿ, ಅದರ ಉದ್ದವನ್ನೂ ಬಿಗಿತವನ್ನೂ ಉಷ್ಣತೆಯನ್ನೂ ಬರೆದಿಡಿ. ಲೆಕ್ಕ ಹಾಕಿ, ಆಮೇಲೆ ನುಡಿಸಿ. ಲೆಕ್ಕಕ್ಕೂ ನಾದಕ್ಕೂ ವ್ಯತ್ಯಾಸ ಬಂದರೆ ಉಪಾಧ್ಯಾಯರ ಬಳಿಗೆ ಒಯ್ಯಿರಿ. ಉಪಾಧ್ಯಾಯರಿಗೂ ತಿಳಿಯದಿದ್ದರೆ, ಊರಿನಲ್ಲಿ ವಾದ್ಯ ಮಾಡುವವರು ಯಾರಿದ್ದಾರೆಂದು ವಿಚಾರಿಸಿ, ಇಬ್ಬರೂ ಕೂಡಿ ಅವರಲ್ಲಿಗೆ ಹೋಗಿ ಕೇಳಿರಿ.